ಹುಂಜ ಕಾಳು ಹೆಕ್ಕುತ್ತಾನೆ, ನುಂಗುತ್ತಿಲ್ಲ. ಎದೆಯ ಮೇಲೆ ಗಟ್ಟಿ ಉಂಡೆ. ಏನು ಮಾಡಲಿ?

ಕರಡುಕೆಲಸ (ಪ್ರಶ್ನೆ)

ನಮ್ಮ ಹುಂಜನ ಹೆಸರು ದಫೇದಾರ. ಮೂರು ವರ್ಷ ದಾಟಿದ್ದಾನೆ. ಜೊತೆಗೆ ನಾಲ್ಕು ಹೇಂಟೆಗಳಿವೆ. ಇವರಲ್ಲಿ ಯಾರನ್ನೂ ಅಡುಗೆಗೆಂದು ಸಾಕಿದ್ದಲ್ಲ. ಹಾಗಾಗಿ ಆ ಸಲಹೆ ಮಾತ್ರ ದಯವಿಟ್ಟು ಬೇಡ, ಅದನ್ನು ಮನೆಯವರೇ ಎರಡು ಸಲ ಕೊಟ್ಟಾಗಿದೆ.

ಕಾಯಿಲೆ ಯಾವತ್ತು ಶುರುವಾಯಿತು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ನಾಚಿಕೆಯಾಗುವುದು ಅದಕ್ಕೇ. ನಾನು ಮನೆಯಲ್ಲೇ ಕುಳಿತು ಪುಸ್ತಕಗಳ ಕರಡು ತಿದ್ದುವವಳು. ಒಂದು ಒತ್ತಕ್ಷರ ತಪ್ಪಿದರೂ ಕಣ್ಣಿಗೆ ಚುಚ್ಚುತ್ತದೆ. ಆದರೆ ಕಿಟಕಿಯಾಚೆ ನನ್ನ ಹುಂಜ ಉಪವಾಸ ಬಿದ್ದದ್ದು ಕಾಣಲಿಲ್ಲ. ಅವನು ಕಾಣಿಸಿಕೊಳ್ಳಲೂ ಇಲ್ಲ. ಕಾಳು ಚೆಲ್ಲಿದ ಕೂಡಲೇ ಎಂದಿನಂತೆ ಓಡಿ ಬರುತ್ತಿದ್ದ. ಒಂದು ಕಾಳನ್ನು ಕೊಕ್ಕಿನಲ್ಲಿ ಎತ್ತಿ, ಬೀಳಿಸಿ, ಮತ್ತೆ ಎತ್ತಿ, 'ಕುಟುಕುಟು' ಎಂದು ಹೇಂಟೆಗಳನ್ನು ಕರೆಯುತ್ತಿದ್ದ. ಅವು ಬಂದು ತಿನ್ನುತ್ತಿದ್ದವು. ಮೊದಲಿನಿಂದಲೂ ಅವನು ಹೀಗೆಯೇ, ಹೆಂಡಿರಿಗೆ ಬಡಿಸಿಯೇ ತಾನು ತಿನ್ನುವವನು. ಬಡಿಸುವುದು ಕಂಡಿತು, ತಾನು ತಿನ್ನುವುದನ್ನು ಬಿಟ್ಟಿದ್ದಾನೆ ಎನ್ನುವುದು ತಪ್ಪಿಹೋಯಿತು.

ನಿನ್ನೆ ಬೆಳಿಗ್ಗೆ ಅವನು ಕೂಗಲಿಲ್ಲ. ಹೋಗಿ ನೋಡಿದರೆ ಗೂಡಿನ ಮೂಲೆಯಲ್ಲಿ ಪುಕ್ಕ ಕೆದರಿಕೊಂಡು, ಕತ್ತು ಒಳಗೆಳೆದುಕೊಂಡು ತೂಕಡಿಸುತ್ತಿದ್ದ. ಎತ್ತಿಕೊಂಡೆ. ನನ್ನನ್ನು ಒದೆಯಲಿಲ್ಲ ಎಂದಾಗಲೇ ಎದೆ ಧಸಕ್ಕೆಂದಿತು. ಜುಟ್ಟಿನ ತುದಿ ಕೆಂಪು ಹೋಗಿ ಮಂಕಾಗಿದೆ. ಎದೆಯ ಮೂಳೆ ಕೈಗೆ ಚೂಪಾಗಿ ಹತ್ತುತ್ತದೆ. ಕತ್ತಿನ ಬುಡದಲ್ಲಿ, ಸ್ವಲ್ಪ ಬಲಕ್ಕೆ, ನಿಂಬೆಹಣ್ಣಿಗಿಂತ ದೊಡ್ಡದಾದ ಒಂದು ಗಟ್ಟಿ ಉಂಡೆ. ಒತ್ತಿದರೆ ಕಲಸಿದ ಹಿಟ್ಟಿನಂತೆ ಬೆರಳ ಗುರುತು ನಿಲ್ಲುತ್ತದೆ. ಹಿಕ್ಕೆ ಸ್ವಲ್ಪವೇ ಇದೆ, ಹಸಿರು ನೀರಿನಲ್ಲಿ ಬಿಳಿ ಸುಣ್ಣ ಕದಡಿದಂತೆ. ಮೈ ಕೆಂಡದ ಹಾಗೆ ಬಿಸಿ. ಸೀನು, ಕೆಮ್ಮು, ಕಣ್ಣಲ್ಲಿ ನೀರು, ಯಾವುದೂ ಇಲ್ಲ. ಹೇಂಟೆಗಳು ಆರಾಮವಾಗಿವೆ.

ಈಗ ಅವನನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮೇಲೆ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಹಾಕಿದ್ದೇನೆ. ಪಕ್ಕದ ಮನೆಯವರು ಬಂದು, ಕಾಲು ಹಿಡಿದು ತಲೆಕೆಳಗೆ ಮಾಡಿ ಉಂಡೆಯನ್ನು ಒತ್ತಿದರೆ ಎಲ್ಲ ಹೊರಗೆ ಬರುತ್ತದೆ ಎಂದರು. ಇನ್ನೊಬ್ಬರು ನಾವು ನುಂಗುವ ಜ್ವರದ ಮಾತ್ರೆಯಲ್ಲಿ ಕಾಲು ಭಾಗ ಕೊಡಿ ಎಂದರು. ಹತ್ತಿರದ ಪ್ರಾಣಿ ಚಿಕಿತ್ಸಾಲಯಕ್ಕೆ ಕರೆ ಮಾಡಿದರೆ ನಾಯಿ, ಬೆಕ್ಕು ಬಿಟ್ಟು ಬೇರೇನೂ ನೋಡುವುದಿಲ್ಲವಂತೆ. ತಲೆಕೆಳಗೆ ಮಾಡಲು ಕೈ ಬರುತ್ತಿಲ್ಲ. ಮಾಡಬೇಕೆ?

ಮೂರುಗೂಡು (ಉತ್ತರ)

ಮಾಡಬೇಡಿ. ನಾನೂ ಒಮ್ಮೆ ಹಾಗೆ ಮಾಡಿದ್ದೇನೆ, ಎರಡು ನಿಮಿಷದಲ್ಲಿ ಕೈಯಲ್ಲೇ ಹೋಯಿತು. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ತಲೆಕೆಳಗೆ ಮಾಡಿ ಒತ್ತಿದರೆ ಚೀಲದಲ್ಲಿದ್ದ ಕೊಳೆ ನೀರು ನೇರ ಅಲ್ಲಿಗೇ ನುಗ್ಗುತ್ತದೆ.

ಆ ಉಂಡೆ ಗಂಟಲ್ಲ, ಗೆಡ್ಡೆಯಲ್ಲ. ನುಂಗಿದ ಕಾಳು ಮೊದಲು ಹೋಗಿ ನೆನೆಯುವ ಚೀಲ ಅದು. ಸಂಜೆ ಗೂಡು ಸೇರುವಾಗ ತುಂಬಿ ಉಬ್ಬಿರಬೇಕು, ಬೆಳಗಾಗುವಷ್ಟರಲ್ಲಿ ಖಾಲಿಯಾಗಿರಬೇಕು. ಆರೋಗ್ಯವಂತ ಕೋಳಿಯಲ್ಲಿ ಮುಂಜಾನೆ ಆ ಚೀಲ ಕೈಗೇ ಸಿಗುವುದಿಲ್ಲ. ಈ ರಾತ್ರಿ ನೀರು ಬಿಟ್ಟು ಏನೂ ಕೊಡಬೇಡಿ. ನಾಳೆ ಬೆಳಕು ಹರಿಯುವಾಗ ಮತ್ತೆ ಮುಟ್ಟಿ ನೋಡಿ. ಇಂದಿನಷ್ಟೇ ಗಟ್ಟಿಯಿದ್ದರೆ ಏನೋ ಸಿಕ್ಕಿಹಾಕಿಕೊಂಡಿದೆ. ನೀರು ತುಂಬಿದ ಬಲೂನಿನಂತೆ ಜೋಲಾಡುತ್ತಾ, ಬಾಯಿಯಿಂದ ಹುಳಿ ನಾತ ಬಂದರೆ ಅದು ಒಳಗೆ ಹುಳಿತು ಶಿಲೀಂಧ್ರ ಬೆಳೆದಿರುವ ಬೇರೆ ಕಥೆ. ಔಷಧವೂ ಬೇರೆ. ಮೂಗು ಹತ್ತಿರ ಹಿಡಿದು ನೋಡಲು ಹೇಸಬೇಡಿ.

ಇನ್ನು ಆ ಬಲ್ಬು. ಎಲ್‌ಇಡಿ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ನೀವು ಅವನಿಗೆ ರಾತ್ರಿಯೆಲ್ಲ ನಿದ್ದೆಗೆಡಿಸಿದ್ದೀರಿ, ಅಷ್ಟೇ. ತೆಗೆದುಹಾಕಿ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ. ಬೇಕಾದರೆ ಒತ್ತಿ ಕೂರುತ್ತಾನೆ, ಬೇಡವಾದರೆ ಸರಿಯುತ್ತಾನೆ. ರೆಕ್ಕೆ ಅಗಲಿಸಿ ಬಾಯಿ ತೆರೆದು ಏದುಸಿರು ಬಿಟ್ಟರೆ ಬಿಸಿ ಹೆಚ್ಚಾಯಿತೆಂದು ಅರ್ಥ. ಕೆಳಗೆ ಪತ್ರಿಕೆ ಹಾಸಿದ್ದರೆ ಜಾರುತ್ತದೆ, ಹಳೆಯ ಬಿಳಿ ಬಟ್ಟೆ ಹಾಸಿ. ಹಿಕ್ಕೆಯ ಬಣ್ಣವೂ ಸರಿಯಾಗಿ ಕಾಣುತ್ತದೆ.

ನೀರನ್ನು ಬಾಯಿಗೆ ಸುರಿಯಬೇಡಿ. ಕೊಕ್ಕಿನ ಪಕ್ಕದ ಅಂಚಿಗೆ ಒಂದು ಹನಿ ಮುಟ್ಟಿಸಿ, ಅವನೇ ಹೀರಿ ಕತ್ತು ಎತ್ತಿ ನುಂಗಲಿ. ಆಮೇಲೆ ಇನ್ನೊಂದು ಹನಿ. ತಾಳ್ಮೆಯ ಕೆಲಸ. ಕರಡು ತಿದ್ದುವವರಿಗೆ ಅದನ್ನು ಹೇಳಿಕೊಡಬೇಕಿಲ್ಲ.

ಅಂದ ಹಾಗೆ, ಇತ್ತೀಚೆಗೆ ಹುಲ್ಲು ಕೊಯ್ದಿರಾ?

ಹಸಿರುಬೇಲಿ (ಉತ್ತರ)

ಇಷ್ಟೆಲ್ಲ ಯಾಕೆ? ಎರಡು ಚಮಚ ಎಣ್ಣೆ ಬಾಯಿಗೆ ಬಿಟ್ಟು ಚೆನ್ನಾಗಿ ತಿಕ್ಕಿ, ಇಳಿದುಹೋಗುತ್ತದೆ. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಆ್ಯಂಟಿಬಯೋಟಿಕ್ ಉಳಿದಿದ್ದರೆ ಅದನ್ನೂ ಕುಡಿಯುವ ನೀರಿಗೆ ಹಾಕಿಬಿಡಿ, ಹೇಂಟೆಗಳಿಗೂ ಮುಂಜಾಗ್ರತೆಯಾಗುತ್ತದೆ.

ರೆಕ್ಕೆವೈದ್ಯ (ಉತ್ತರ)

ನಾನು ಪಶುವೈದ್ಯ. ದಿನವೂ ಹಕ್ಕಿಗಳನ್ನು ನೋಡುತ್ತೇನೆ. ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನೀರು ತಪ್ಪಿ ಶ್ವಾಸಕೋಶಕ್ಕೆ ಹೋದರೇ ಕಷ್ಟ, ಎಣ್ಣೆ ಹೋದರೆ ಇನ್ನೂ ಕಷ್ಟ. ಹುಲ್ಲು ಸಿಕ್ಕಿಕೊಂಡಿದ್ದರೆ ಆ್ಯಂಟಿಬಯೋಟಿಕ್ ಅದನ್ನು ಕರಗಿಸುವುದಿಲ್ಲ. ಒಳಗೆ ಶಿಲೀಂಧ್ರವಿದ್ದರೆ ಅದು ಇನ್ನಷ್ಟು ಹುಲುಸಾಗಿ ಬೆಳೆಯಲು ದಾರಿ ಮಾಡಿಕೊಡುತ್ತದೆ. ಎಲ್ಲರೂ ಕುಡಿಯುವ ನೀರಿಗೆ ಹಾಕಿದರೆ ಔಷಧದ ಅಂಶ ಹೇಂಟೆಗಳ ಮೊಟ್ಟೆಗೆ ಬರುತ್ತದೆ, ಆ ಮೊಟ್ಟೆ ತಿನ್ನುವವರು ನೀವೇ.

ಮೈ ಬಿಸಿಯಿದೆ ಎಂದಿರಿ. ಕೋಳಿಯ ಸಹಜ ಉಷ್ಣತೆಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಮ್ಮ 37ರ ಕೈಗೆ ಆರೋಗ್ಯವಂತ ಕೋಳಿಯೂ ಜ್ವರ ಬಂದಂತೆಯೇ ಇರುತ್ತದೆ. ಜ್ವರದ ಮಾತ್ರೆಯ ಪ್ರಶ್ನೆ ಅಲ್ಲಿಗೇ ಮುಗಿಯಿತು. ಕಾಯಿಲೆಯಾದ ಹಕ್ಕಿಗೆ ನಿಜವಾದ ಅಪಾಯ ಮೈ ತಣ್ಣಗಾಗುವುದು.

ಹಸಿರು ಹಿಕ್ಕೆ ನೋಡಿ ಹೆದರಬೇಡಿ, ಹಾಗೆಂದು ಮರೆಯಲೂ ಬೇಡಿ. ಹೊಟ್ಟೆಗೆ ಏನೂ ಹೋಗದಿದ್ದಾಗ ಬರಿಯ ಪಿತ್ತವೇ ಇಳಿದು ಹಿಕ್ಕೆ ಹಸಿರಾಗುತ್ತದೆ. ಬಿಳಿಯ ಭಾಗ ಕೋಳಿಯ ಮೂತ್ರ, ಅದು ಸಹಜ. ಆದರೆ ಕೋಳಿಗಳಿಗೆ ಬೇಗ ಹರಡುವ ಕೊಕ್ಕರೆ ರೋಗದಲ್ಲೂ (ರಾಣಿಖೇತ್) ಹಸಿರು ಭೇದಿಯಾಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಒಂದರ ಹಿಂದೆ ಒಂದು ಕೋಳಿ ಮಲಗುತ್ತದೆ, ಉಸಿರು ಗೊರಗುಡುತ್ತದೆ, ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ. ನಿಮ್ಮ ಹೇಂಟೆಗಳು ಆರಾಮವಾಗಿವೆ, ಇವನಿಗೆ ಸೀನೂ ಇಲ್ಲ. ಹಾಗಾಗಿ ನನ್ನ ಅನುಮಾನವೂ ಚೀಲದ ಮೇಲೆಯೇ. ಆದರೂ ಇವನನ್ನು ಮುಟ್ಟಿದ ಕೈ ತೊಳೆಯದೆ ಹೇಂಟೆಗಳ ಹತ್ತಿರ ಹೋಗಬೇಡಿ, ಚಪ್ಪಲಿ ಬೇರೆ ಇಡಿ. ಎರಡನೆಯ ಕೋಳಿ ಮಂಕಾದರೆ, ಅಥವಾ ಯಾವುದಾದರೂ ಇದ್ದಕ್ಕಿದ್ದಂತೆ ಸತ್ತರೆ, ಮನೆಮದ್ದು ಬಿಟ್ಟು ಪಶುವೈದ್ಯ ಇಲಾಖೆಗೆ ತಿಳಿಸಬೇಕು. ಹಕ್ಕಿಜ್ವರವೂ ಹಾಗೆಯೇ ಶುರುವಾಗುವುದು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟುವುದು, ಕೊಯ್ದು ನೋಡುವುದು ಎಂದಿಗೂ ಬೇಡ.

ತೂಕ ನೋಡಿ. ಅಡುಗೆಮನೆಯ ತಕ್ಕಡಿ ಸಾಕು, ಟವೆಲಿನಲ್ಲಿ ಸುತ್ತಿ ಇಟ್ಟು ಟವೆಲಿನ ತೂಕ ಕಳೆಯಿರಿ. ದಿನವೂ ಒಂದೇ ಹೊತ್ತಿಗೆ. ಆದರೆ ಸುತ್ತುವಾಗ ಎದೆ ಬಿಗಿಯಬಾರದು. ಕೋಳಿಗೆ ನಮ್ಮಂತೆ ವಪೆ (ಎದೆ, ಹೊಟ್ಟೆಯ ನಡುವೆ ಉಸಿರಾಡಿಸುವ ಸ್ನಾಯುಪರದೆ) ಇಲ್ಲ, ಎದೆಗೂಡು ಅಲುಗಾಡಿದರೆ ಮಾತ್ರ ಉಸಿರು. ಗಟ್ಟಿಯಾಗಿ ಅಪ್ಪಿ ಹಿಡಿದು ಪ್ರೀತಿಯಿಂದಲೇ ಕೊಂದವರನ್ನು ನೋಡಿದ್ದೇನೆ.

ನಾಳೆ ಬೆಳಿಗ್ಗೆಯೂ ಗಟ್ಟಿಯಾಗಿಯೇ ಇದ್ದರೆ ಉಗುರು ಬೆಚ್ಚಗಿನ ನೀರು ಕುಡಿಸಿ, ಬೆರಳ ತುದಿಯಿಂದ ಮೆಲ್ಲಗೆ ಹಿಸುಕಿ ಸಡಿಲಿಸಿ. ಮೂರು ನಾಲ್ಕು ನಿಮಿಷ, ದಿನಕ್ಕೆ ನಾಲ್ಕೈದು ಸಲ, ಅವನು ನೆಟ್ಟಗೆ ನಿಂತಿರುವಾಗ. ಎರಡು ದಿನದಲ್ಲಿ ಸಡಿಲವಾಗದಿದ್ದರೆ ಕತ್ತರಿಸಿ ತೆಗೆಯಬೇಕು. ಅದು ವೈದ್ಯರು ಮಾಡುವ ಕೆಲಸ, ಬ್ಲೇಡು ಹಿಡಿದು ನೀವು ಮಾಡುವುದಲ್ಲ. ಕೋಳಿ ನೋಡುವುದಿಲ್ಲ ಎಂದ ಕಡೆಯೇ ಇನ್ನೊಮ್ಮೆ ಕರೆ ಮಾಡಿ, 'ಗಿಣಿ, ಪಾರಿವಾಳ ನೋಡುವವರು ಯಾರು' ಎಂದು ಕೇಳಿ. ಆಗ ಒಂದು ಹೆಸರು ಸಿಗುತ್ತದೆ.

ಕರಡುಕೆಲಸ

ಮೂರುಗೂಡು ಅವರೇ, ಹುಲ್ಲಿನ ವಿಷಯ ನಿಮಗೆ ಹೇಗೆ ಗೊತ್ತಾಯಿತು? ಹೋದ ವಾರ ಹಿತ್ತಿಲಿನ ಹುಲ್ಲು ಮೊಣಕಾಲುದ್ದ ಬೆಳೆದಿತ್ತೆಂದು ಕೊಯ್ಸಿದೆ. ಕೊಯ್ದದ್ದನ್ನು ಗೂಡಿನ ಪಕ್ಕದಲ್ಲೇ ಗುಡ್ಡೆ ಹಾಕಿದ್ದೆ, ಕೆದಕಿಕೊಂಡು ಆಡಲಿ ಎಂದು.

ಇಂದು ಬೆಳಿಗ್ಗೆ ಆರಕ್ಕೆ ನೋಡಿದೆ. ಉಂಡೆ ಹಾಗೇ ಇದೆ. ನಾತವಿಲ್ಲ. ತೂಕ 2,360 ಗ್ರಾಂ. ಮೊದಲೆಷ್ಟಿತ್ತೋ ತಿಳಿಯದು, ಯಾವತ್ತೂ ತೂಗಿಲ್ಲ. ಬಿಸಿನೀರಿನ ಬಾಟಲಿಗೆ ಒರಗಿ ರಾತ್ರಿಯೆಲ್ಲ ಮಲಗಿದ್ದ. ಎಲ್‌ಇಡಿ ಬಲ್ಬಿನ ವಿಚಾರ ಓದಿ ಮನೆಯವರು ನಕ್ಕರು. ಹಾಕಿದ್ದೇ ಅವರು ಎಂದು ನೆನಪಿಸಿದೆ.

ಹನಿ ಹನಿಯಾಗಿ ನೀರು ಕುಡಿಸಿದೆ. ಕೊಕ್ಕಿನ ಅಂಚಿಗೆ ಹನಿ ತಾಗಿದ ಕೂಡಲೇ ನಾಲಿಗೆ ಒಮ್ಮೆ ಅಲುಗುತ್ತದೆ, ಕತ್ತು ಮೇಲಕ್ಕೆ ಹೋಗುತ್ತದೆ, ಕಣ್ಣಿನ ಒಳರೆಪ್ಪೆ ಹಾಲಿನ ಕೆನೆಯಂತೆ ಅಡ್ಡ ಸರಿದು ಮರಳುತ್ತದೆ. ಹದಿನೈದು ಮಿಲಿ ಇಳಿಯಲು ಇಪ್ಪತ್ತು ನಿಮಿಷ. ಆಮೇಲೆ ಹಿಸುಕಿದೆ. ಮೊದಲು ಹಿಟ್ಟಿನುಂಡೆ ಎಂದುಕೊಂಡಿದ್ದೆನಲ್ಲ, ಈಗ ಬೆರಳಿಗೆ ಬೇರೆಯದೇ ತಿಳಿಯುತ್ತಿದೆ. ಒಳಗೆ ಹುರಿ ಹೊಸೆದಂತೆ ಎಳೆಗಳಿವೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಇಡಿಯಾಗಿ ಜಗ್ಗುತ್ತದೆ.

ಪೆಟ್ಟಿಗೆಯನ್ನು ನನ್ನ ಮೇಜಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ನಾನು ಪುಟ ತಿರುವಿದಾಗೆಲ್ಲ ತಲೆ ಓರೆ ಮಾಡಿ ನೋಡುತ್ತಾನೆ.

ಮೂರುಗೂಡು

ಹುಲ್ಲು ಎಂದು ಊಹಿಸಲು ಜ್ಯೋತಿಷ ಬೇಕಿಲ್ಲ, ನಾನೂ ಗುಡ್ಡೆ ಹಾಕಿದವನೇ. ನೆಲದಲ್ಲಿ ಬೇರೂರಿದ ಹುಲ್ಲನ್ನು ಕೋಳಿ ಕೊಕ್ಕಿನಲ್ಲಿ ಹಿಡಿದು ಎಳೆದಾಗ ತುದಿಯಷ್ಟೇ ತುಂಡಾಗಿ ಬರುತ್ತದೆ. ಬೇರು ಬುಡವನ್ನು ಹಿಡಿದಿರುತ್ತದಲ್ಲ. ಕೊಯ್ದು ರಾಶಿ ಹಾಕಿದ್ದಕ್ಕೆ ಹಿಡಿತವೇ ಇಲ್ಲ. ಎಳೆದರೆ ಗೇಣುದ್ದದ ಎಸಳು ಇಡಿಯಾಗಿ ಗಂಟಲಿಗಿಳಿಯುತ್ತದೆ. ಕೋಳಿಗೆ ಹಲ್ಲಿಲ್ಲ. ಅರೆಯುವ ಹೊಟ್ಟೆ ಇರುವುದು ಚೀಲದಿಂದ ಆಚೆಗೆ. ಅಲ್ಲಿಗೆ ಹೋಗುವ ಮೊದಲೇ ಎಸಳುಗಳು ಒಂದಕ್ಕೊಂದು ಸುತ್ತಿಕೊಂಡರೆ ಮುಗಿಯಿತು.

ಎಳೆ ಜಗ್ಗುತ್ತದೆ ಎಂದಿರಿ. ನನಗೆ ಅದು ಇಷ್ಟವಾಗಲಿಲ್ಲ. ಬರಿಯ ಹುಲ್ಲಾಗಿದ್ದರೆ ಅಷ್ಟು ಬಿಗಿಯಾಗಿ ಜಗ್ಗುವುದಿಲ್ಲ. ಗೂಡಿನಲ್ಲಿ ದಾರ, ಹಗ್ಗ, ಗೋಣಿ ಏನಾದರೂ ಇದೆಯೇ ನೋಡಿ. ನನ್ನ ಮಾತು ಕೇಳಿದರೆ ಎರಡು ದಿನ ಕಾಯಬೇಡಿ, ವೈದ್ಯರನ್ನು ಈಗಲೇ ಹುಡುಕಲು ಶುರುಮಾಡಿ.

ಕರಡುಕೆಲಸ

ತಡವಾಗಿ ಬರೆಯುತ್ತಿದ್ದೇನೆ. ಕೈ ಬಿಡುವಿರಲಿಲ್ಲ.

ಗೂಡಿನಲ್ಲಿ ಗೋಣಿಚೀಲ ಇತ್ತು. ಹೇಂಟೆಗಳು ಮೊಟ್ಟೆಯಿಡಲು ಮೆತ್ತಗಿರಲಿ ಎಂದು ನಾನೇ ಹಾಸಿದ್ದು. ಒಂದು ಅಂಚು ಪೂರ್ತಿ ಬಿಚ್ಚಿಹೋಗಿ ನಾರು ನೇತಾಡುತ್ತಿತ್ತು. ಮರುದಿನ ಬೆಳಿಗ್ಗೆ ತೂಕ 2,290. ಒಂದೇ ದಿನಕ್ಕೆ 70 ಗ್ರಾಂ. ಆ ಅಂಕಿ ನೋಡಿದ ಮೇಲೆ ಕಾಯಲಿಲ್ಲ. ಗಿಣಿ, ಪಾರಿವಾಳ ಎಂದು ಕೇಳಿದ ಮೇಲೆ ನಿಜವಾಗಿಯೂ ಒಂದು ಹೆಸರು ಸಿಕ್ಕಿತು. ರೆಕ್ಕೆವೈದ್ಯ ಅವರಿಗೆ ನಮಸ್ಕಾರ.

ಆ ವೈದ್ಯೆ ಹೆಚ್ಚು ಮಾತಿನವರಲ್ಲ. ಚೀಲ ಮುಟ್ಟಿದರು, ಬಾಯಿ ಬಿಡಿಸಿ ನೋಡಿದರು, ಕಾಲುಗಳ ಹಿಡಿತ ಪರೀಕ್ಷಿಸಿದರು. ಚೀಲ ನಿಂತುಹೋಗುವುದು ಕೆಲವೊಮ್ಮೆ ಬೇರೆ ಕಾಯಿಲೆಯ ಲಕ್ಷಣವಂತೆ, ನರ ಸೋತರೂ, ಮುಂದಿನ ಹೊಟ್ಟೆ ಕಟ್ಟಿದರೂ ಹೀಗೇ ಆಗುತ್ತದಂತೆ. ಆಮೇಲೆ 'ಹಿಡಿದುಕೊಳ್ಳುತ್ತೀರಾ, ಹೊರಗೆ ಕೂರುತ್ತೀರಾ' ಎಂದರು. ಹಿಡಿದುಕೊಂಡೆ.

ಉಂಡೆಯ ಮೇಲಿನ ಪುಕ್ಕವನ್ನು ಒಂದೊಂದೇ ಕಿತ್ತರು. ಅಡಿಯ ಚರ್ಮ ಎಷ್ಟು ತೆಳುವೆಂದರೆ ಒಳಗಿನ ಹಸಿರು ಹೊರಗೇ ಕಾಣುತ್ತಿತ್ತು, ಎಣ್ಣೆ ಕಾಗದದಲ್ಲಿ ಸುತ್ತಿದ ಹಾಗೆ. ಆ ಜಾಗ ಮಾತ್ರ ಮರಗಟ್ಟುವಂತೆ ಚುಚ್ಚುಮದ್ದು ಕೊಟ್ಟರು. ಮೊದಲು ಚರ್ಮ, ಆಮೇಲೆ ಚೀಲದ ಗೋಡೆ, ಎರಡು ಸಲ ಕೊಯ್ದರು. ರಕ್ತ ನಾನು ಹೆದರಿದ್ದಷ್ಟು ಬರಲಿಲ್ಲ. ಚಿಮಟದಿಂದ ಎಳೆದಾಗ ಮೊದಲು ಬಂದದ್ದು ಗೋಣಿಯ ನಾರು. ಒಂದು ಎಳೆ ಎಂದುಕೊಂಡರೆ ಅದರ ಹಿಂದೆ ಇನ್ನೊಂದು, ಅದಕ್ಕೆ ಸುತ್ತಿಕೊಂಡು ಹುಲ್ಲು, ಹುಲ್ಲಿನ ನಡುವೆ ಊದಿಕೊಂಡ ಕಾಳು. ನೆನೆದ ಹಗ್ಗದ ಸಿಂಬಿಯಂತೆ ಇಡೀ ಗಂಟು ಹೊರಬಂತು. ವಾಸನೆಯ ಬಗ್ಗೆ ಬರೆಯುವುದಿಲ್ಲ. ದಫೇದಾರ ಆ ಹೊತ್ತೆಲ್ಲ ನನ್ನ ಅಂಗಿಯ ಗುಂಡಿಯನ್ನೇ ದಿಟ್ಟಿಸುತ್ತಿದ್ದ, ಒಮ್ಮೆ ಕುಕ್ಕಿಯೂ ನೋಡಿದ. ವೈದ್ಯೆ ನಕ್ಕದ್ದು ಆಗ ಮಾತ್ರ. ಚೀಲಕ್ಕೆ ಬೇರೆ, ಚರ್ಮಕ್ಕೆ ಬೇರೆ ಹೊಲಿಗೆ ಹಾಕಿದರು. ಎರಡನ್ನೂ ಸೇರಿಸಿ ಹೊಲಿದರೆ ಮುಂದೆ ಒಂದಕ್ಕೊಂದು ಅಂಟಿಕೊಂಡು ಚೀಲ ಸರಿಯಾಗಿ ಅಲುಗಾಡುವುದಿಲ್ಲವಂತೆ.

ಮೂರು ದಿನ ಬೇಯಿಸಿದ ಮೊಟ್ಟೆಯ ಹಳದಿಯನ್ನು ನೀರಿನಲ್ಲಿ ಕದಡಿ, ಮತ್ತು ಅವನ ಎಂದಿನ ಮೇವನ್ನೇ ಪುಡಿಮಾಡಿ ನೆನೆಸಿ, ಒಂದು ಸಲಕ್ಕೆ ಒಂದು ಚಮಚದಂತೆ ಇಟ್ಟೆ. ಹೊಲಿಗೆ ಎಳೆಯಬಾರದೆಂದು ಚೀಲ ತುಂಬಲು ಬಿಡಲಿಲ್ಲ. ಎರಡನೆಯ ದಿನ ಕಂದು ಬಣ್ಣದ, ಮೇಲೆ ಬಿಳಿ ಟೋಪಿಯಿರುವ ಗಟ್ಟಿ ಹಿಕ್ಕೆ ಹಾಕಿದ. ಹಿಕ್ಕೆ ನೋಡಿ ಮನೆಮಂದಿಯನ್ನೆಲ್ಲ ಕೂಗಿ ಕರೆದವಳು ನಾನೊಬ್ಬಳೇ ಇರಬೇಕು. ಇಂದಿನ ತೂಕ 2,410.

ಈಗ ಒಂದು ಪ್ರಶ್ನೆ. ಒಂಬತ್ತು ದಿನವಾಯಿತು. ಗೂಡಿಗೆ ಸೀದಾ ಬಿಡಬಹುದೆ?

ರೆಕ್ಕೆವೈದ್ಯ

ಗಾಯ ಒಣಗಿದೆಯೇ, ಹೊಲಿಗೆಯ ಸುತ್ತ ಕೆಂಪು ಅಥವಾ ತೇವ ಇದೆಯೇ ಎಂದು ಆ ವೈದ್ಯರಿಗೇ ಒಮ್ಮೆ ತೋರಿಸಿ, ಅವರು ಹೂಂ ಎಂದ ಮೇಲೆ ಬಿಡಿ. ಒಂದು ಹನಿ ರಕ್ತ ಕಂಡರೂ ಉಳಿದ ಕೋಳಿಗಳು ಅದೇ ಜಾಗವನ್ನು ಕುಕ್ಕುತ್ತವೆ. ಪುಕ್ಕ ಕಿತ್ತ ಬರಿಯ ಚರ್ಮವೂ ಅವುಗಳ ಕಣ್ಣಿಗೆ ಬೀಳುತ್ತದೆ.

ಮೂರುಗೂಡು

ಸೀದಾ ಬೇಡ. ಒಂಬತ್ತು ದಿನದಲ್ಲಿ ಹೇಂಟೆಗಳು ತಮ್ಮೊಳಗೆ ಯಾರು ಮೇಲು ಯಾರು ಕೆಳಗು ಎಂದು ತೀರ್ಮಾನಿಸಿಕೊಂಡಿರುತ್ತವೆ. ನಡುವೆ ಜಾಲರಿ ಇಟ್ಟು ಎರಡು ಮೂರು ದಿನ ಒಬ್ಬರಿಗೊಬ್ಬರು ಕಾಣುವಂತೆ ಮಾಡಿ. ಆಮೇಲೆ ನೀವು ಪಕ್ಕದಲ್ಲೇ ಇರುವಾಗ ಬಿಡಿ, ಕಾಳನ್ನು ಎರಡು ಕಡೆ ಚೆಲ್ಲಿ. ಬೇರೆ ಹುಂಜ ಇಲ್ಲದ್ದು ನಿಮ್ಮ ಅದೃಷ್ಟ. ಇದ್ದಿದ್ದರೆ ಇನ್ನೊಂದು ಪ್ರಶ್ನೆ ಹಾಕಬೇಕಾಗುತ್ತಿತ್ತು.

ಸಣ್ಣ ಗರಸು ಕಲ್ಲನ್ನು ಒಂದು ತಟ್ಟೆಯಲ್ಲಿ ಯಾವಾಗಲೂ ಇಡಿ, ಅರೆಯುವ ಹೊಟ್ಟೆಗೆ ಅದು ಬೇಕು. ಮತ್ತು ವಾರಕ್ಕೊಮ್ಮೆಯಾದರೂ ಬೆಳಗಿನ ಜಾವ ಎಲ್ಲರ ಕತ್ತಿನ ಬುಡ ಮುಟ್ಟಿ ನೋಡಿ.

ಕರಡುಕೆಲಸ

ವೈದ್ಯೆಗೆ ತೋರಿಸಿದೆ, ಹೂಂ ಎಂದರು. ಜಾಲರಿ ಕಟ್ಟಿದ್ದಾಯಿತು, ಗೋಣಿ ಸುಟ್ಟದ್ದಾಯಿತು, ಹುಲ್ಲಿನ ಗುಡ್ಡೆ ಬೇಲಿಯಾಚೆ ಹೋಯಿತು. ಮೊದಲ ದಿನ ನಾಲ್ಕೂ ಹೇಂಟೆಗಳು ಜಾಲರಿಯ ಹತ್ತಿರ ಬಂದು ಇವನ ಬೋಳು ಎದೆಯನ್ನು ನೋಡಿ, ಏನೂ ಆಗದವರಂತೆ ಮಣ್ಣು ಕೆದಕಲು ಹೋದವು.

ಇಂದು ಜಾಲರಿ ತೆಗೆದೆ. ಕರಡು ಬದಿಗಿಟ್ಟು ಪೂರ್ತಿ ಅರ್ಧ ಗಂಟೆ ಅವನ ಕೊಕ್ಕನ್ನೇ ನೋಡುತ್ತಾ ಕುಳಿತೆ. ಕಾಳು ಚೆಲ್ಲಿದ ಕೂಡಲೇ ಓಡಿ ಬಂದ. ಒಂದನ್ನು ಎತ್ತಿದ, ಕತ್ತು ತಿರುಗಿಸಿ ಹೇಂಟೆಗಳು ಎಷ್ಟು ದೂರದಲ್ಲಿವೆ ಎಂದು ನೋಡಿದ, ಯಾರನ್ನೂ ಕರೆಯದೆ ತಾನೇ ನುಂಗಿದ. ಹಾಗೆ ಆರು ಕಾಳು. ಏಳನೆಯದನ್ನು ಎತ್ತಿದ ಮೇಲೆ 'ಕುಟುಕುಟು' ಶುರುವಾಯಿತು.